ಓಕ್ ಮರದ ನೆರಳಿನಲ್ಲಿ ಬೆಂಡೆಕಾಯಿ

ನೆರಳಿನಲ್ಲಿ ಗಿಡ ಬೆಳೆದೀತು, ಕಾಯಿ ಕಚ್ಚದು ಎಂದು ಹಿತ್ತಲಿನಲ್ಲಿ ತರಕಾರಿ ಬೆಳೆಯುವವರೆಲ್ಲ ಹೇಳುವುದುಂಟು. ಮಾತು ನಿಜವೇ. ಆದರೆ ನೆರಳು ಎಂದರೇನು, ಅದು ಎಲ್ಲಿ ಬೀಳುತ್ತದೆ, ಯಾವ ಹೊತ್ತಿನಲ್ಲಿ ಬೀಳುತ್ತದೆ, ಯಾವ ತಿಂಗಳಿನಲ್ಲಿ ಬೀಳುತ್ತದೆ ಎಂದು ಕೇಳಿದರೆ ಉತ್ತರ ಹೇಳುವವರು ಕಡಮೆ. ಭೌತಶಾಸ್ತ್ರವನ್ನು ಪಾಠ ಹೇಳುವ ನಮಗೂ ಈ ಪ್ರಶ್ನೆ ಮೊದಲು ಹೊಳೆದಿರಲಿಲ್ಲ. ಒಂದು ದೊಡ್ಡ ಮರಕ್ಕೆ ಕೊಡಲಿ ಬೀಳುವ ಸಂದರ್ಭ ಒದಗಿದಾಗ ಅದನ್ನು ಕೇಳಿಕೊಳ್ಳಬೇಕಾಯಿತು.

ನಮ್ಮ ಅಣ್ಣನವರ ಸಂಸಾರವು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾ ನಗರದ ಹೊರವಲಯದಲ್ಲಿ ನೆಲಸಿದೆ. ಆ ದೇಶದವರು 'ದಕ್ಷಿಣ' ಎಂದು ಕರೆಯುವ ಸೀಮೆ ಇದು. ಅಟ್ಲಾಂಟಾ ಇರುವುದು ಸುಮಾರು 34 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹೆಚ್ಚುಕಡಮೆ ನಮ್ಮ ಶ್ರೀನಗರದ ಅಕ್ಷಾಂಶವೇ. ಹವೆ ಮಾತ್ರ ಶ್ರೀನಗರದಂತಲ್ಲ. ಜುಲೈ ತಿಂಗಳಿನ ಹಗಲು 32 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ; ಗಾಳಿಯಲ್ಲಿ ತೇವ ಹೆಚ್ಚು; ವರ್ಷಕ್ಕೆ 1200 ಮಿಲಿಮೀಟರಿಗೂ ಮೀರಿ ಮಳೆ. ಮಣ್ಣು ಕೋಲಾರದ ಕಡೆಯ ಕೆಮ್ಮಣ್ಣನ್ನು ನೆನಪಿಗೆ ತರುವ ಅಂಟು ಜೇಡಿ. ಮಾರ್ಚ್ ಕೊನೆ ಅಥವಾ ಏಪ್ರಿಲ್ ಮೊದಲಿನವರೆಗೆ ಮಂಜುಗಟ್ಟುವ ಭಯ. ನವೆಂಬರ್ ನಡುವಿನ ಹೊತ್ತಿಗೆ ಮತ್ತೆ ಆ ಭಯ. ನಡುವೆ ಸಿಗುವ ಏಳೂವರೆ ತಿಂಗಳಲ್ಲಿ ಬೆಂಡೆ, ಅಲಸಂದೆ, ಬದನೆ, ಟೊಮೇಟೊ ಎಲ್ಲವೂ ಬರುತ್ತವೆ. ಬೆಂಡೆ ಮತ್ತು ಅಲಸಂದೆಗಳು ಅಲ್ಲಿಗೆ ಹೋದದ್ದು ನಮ್ಮವರಿಂದಲ್ಲ. ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕದ ಜನರೊಡನೆ ಅವು ಅಟ್ಲಾಂಟಿಕ್ ಸಾಗರವನ್ನು ದಾಟಿದುವು. ಅಲಸಂದೆಯ ತೌರು ಆಫ್ರಿಕವೇ. ನಮ್ಮ ಹೊಲಕ್ಕೂ ಅಲ್ಲಿನ ಹಿತ್ತಲಿಗೂ ಅದು ಬೇರೆಬೇರೆ ದಾರಿಯಲ್ಲಿ ಬಂದ ನೆಂಟ.

2023ರ ಬೇಸಗೆ ರಜೆಯಲ್ಲಿ ನಾವು ಅಲ್ಲಿಗೆ ಹೋದಾಗ ಮನೆಯಲ್ಲಿ ಒಂದು ವ್ಯಾಜ್ಯ ನಡೆದಿತ್ತು. ನಮ್ಮ ತಾಯಿಯವರು ಏಪ್ರಿಲಿನಲ್ಲೇ ಹೋಗಿ, ಊರಿನಿಂದ ಒಯ್ದ ಬೀಜಗಳನ್ನು ಹಿತ್ತಲಿನ ಪಾತಿಯಲ್ಲಿ ಹಾಕಿದ್ದರು. ಜೂನ್ ಬಂದರೂ ಬೆಂಡೆಗಿಡಗಳು ಕೋಲಿನಂತೆ ಉದ್ದಕ್ಕೆ ಬೆಳೆದು ಬಾಗಿದ್ದುವೇ ಹೊರತು ಒಂದು ಹೂವೂ ಇರಲಿಲ್ಲ. ಟೊಮೇಟೊ ಗಿಡದಲ್ಲಿ ಎಲೆ ಯಥೇಚ್ಛ, ಕಾಯಿ ಎರಡು. ಅಪರಾಧಿ ಎದುರಿಗೇ ನಿಂತಿತ್ತು: ಹಿತ್ತಲಿನ ದಕ್ಷಿಣದ ಅಂಚಿನಲ್ಲಿರುವ ಒಂದು ಓಕ್ ಮರ. ಎತ್ತರ ಸುಮಾರು 15 ಮೀಟರು. ಕೊಂಬೆಗಳ ಹರವು ಬೊಡ್ಡೆಯಿಂದ ಎತ್ತ ಅಳೆದರೂ 5 ಮೀಟರು. ಎಲೆಗಳು ನಮ್ಮ ಕಡೆಯ ಬಿದಿರೆಲೆಯಂತೆ ಕಿರಿದು. ಅಲ್ಲಿಯವರು ಇದನ್ನು ವಿಲ್ಲೋ ಓಕ್ ಎನ್ನುತ್ತಾರೆ.

"ಕಡಿಸಿಬಿಡೋಣ ಅಂತಿದ್ದೇನೆ ಕಣೋ. ಅಮ್ಮ ಇಷ್ಟು ಕಷ್ಟಪಟ್ಟು ಹಾಕಿದ್ದು ಹೀಗಾಯಿತಲ್ಲ" ಎಂದರು ಅಣ್ಣ. ತಾಯಿಯವರಿಗೆ ಅದು ಬೇಡ. "ನನ್ನ ನಾಲ್ಕು ಬೆಂಡೇಕಾಯಿಗೋಸ್ಕರ ಅಷ್ಟು ದೊಡ್ಡ ಮರ ಕಡೀತಾರೇನಪ್ಪಾ" ಎಂಬುದು ಅವರ ಮಾತು. ಅತ್ತಿಗೆಯವರು, ಬೇಸಗೆಯಲ್ಲಿ ಮನೆಯ ಹಿಂಭಾಗ ತಂಪಾಗಿರುವುದು ಆ ಮರದಿಂದಲೇ ಎಂದು ಜ್ಞಾಪಿಸಿದರು. ಕಡಿಯುವವರು ಮುಂದಿನ ವಾರ ನೋಡಲು ಬರುವವರಿದ್ದರು. ಆ ಒಂದು ವಾರವನ್ನು ನಾವು ಕೇಳಿ ಪಡೆದೆವು.

ನಾವು ಮಾಡಿದ ಕೆಲಸ ಸರಳವಾದದ್ದು. ಹೈಸ್ಕೂಲಿನ ಯಾವ ವಿದ್ಯಾರ್ಥಿಯೂ ಮಾಡಬಲ್ಲದು. ಹಿತ್ತಲಿನ ನಕ್ಷೆಯನ್ನು ಚೌಕುಳಿ ಕಾಗದದ ಮೇಲೆ ಬರೆದು, ಬೆಳಗ್ಗೆ 8ರಿಂದ ಸಂಜೆ 7ರವರೆಗೆ ಗಂಟೆಗೊಮ್ಮೆ ನೆರಳಿನ ಅಂಚಿಗೆ ಕಡ್ಡಿ ನೆಟ್ಟು, ಆ ಅಂಚನ್ನು ನಕ್ಷೆಯಲ್ಲಿ ಗುರುತು ಮಾಡಿದೆವು. ಹನ್ನೆರಡು ಗೆರೆಗಳು ಬಿದ್ದ ಮೇಲೆ ಯಾವ ಚೌಕಕ್ಕೆ ಎಷ್ಟು ಗಂಟೆ ಬಿಸಿಲು ಎಂದು ಎಣಿಸುವುದಷ್ಟೇ ಉಳಿಯುತ್ತದೆ.

ಮೊದಲ ದಿನವೇ ಒಂದು ತೊಡಕು ಕಂಡಿತು. ಗಡಿಯಾರದ 12 ಗಂಟೆಗೆ ಮರದ ನೆರಳು ನೇರ ಉತ್ತರಕ್ಕೆ ಬೀಳಬೇಕೆಂದು ಅಣ್ಣನವರ ನಂಬಿಕೆ. ಅದು ಪಶ್ಚಿಮದ ಕಡೆ ವಾಲಿಕೊಂಡಿತ್ತು. ಕಾರಣ ಸೂರ್ಯನಲ್ಲಿಲ್ಲ, ಗಡಿಯಾರದಲ್ಲಿದೆ. ಅಟ್ಲಾಂಟಾ ಬಳಸುವ ಕಾಲವು 75 ಡಿಗ್ರಿ ಪಶ್ಚಿಮ ರೇಖಾಂಶದ್ದು. ಊರಿರುವುದು 84 ಡಿಗ್ರಿಯನ್ನು ದಾಟಿ. ಡಿಗ್ರಿಗೆ 4 ನಿಮಿಷದಂತೆ ಅಲ್ಲಿ 38 ನಿಮಿಷ ತಡ. ಇದು ಸಾಲದೆಂಬಂತೆ ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಹೀಗಾಗಿ ಜೂನಿನಲ್ಲಿ ಅಲ್ಲಿ ನಿಜವಾದ ನಡುಹಗಲು ಆಗುವುದು ಸುಮಾರು 1 ಗಂಟೆ 40 ನಿಮಿಷಕ್ಕೆ. ನಮ್ಮ ಬೆಂಗಳೂರಿನಲ್ಲೂ ಅದು ಗಡಿಯಾರದ 12ಕ್ಕೆ ಆಗುವುದಿಲ್ಲ; ಜೂನಿನಲ್ಲಿ 12 ಗಂಟೆ 20 ನಿಮಿಷದ ಸುಮಾರಿಗೆ ಆಗುತ್ತದೆ. ತೋಟದ ಪುಸ್ತಕವು 'ಮಧ್ಯಾಹ್ನದ ಬಿಸಿಲು' ಎಂದಾಗ ಯಾವ ಮಧ್ಯಾಹ್ನ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ನೆರಳಿನ ಉದ್ದವನ್ನು ಲೆಕ್ಕ ಹಾಕೋಣ. ಜೂನ್ 21ರಂದು ಸೂರ್ಯನು ಕರ್ಕಾಟಕ ಸಂಕ್ರಾಂತಿ ವೃತ್ತದ ಮೇಲೆ, ಅಂದರೆ 23.4 ಡಿಗ್ರಿ ಉತ್ತರದಲ್ಲಿ, ನಡುನೆತ್ತಿಗೆ ಬರುತ್ತಾನೆ. ಅಟ್ಲಾಂಟಾ ಅದಕ್ಕಿಂತ ಹತ್ತು ಡಿಗ್ರಿಗಳಷ್ಟು ಉತ್ತರಕ್ಕಿರುವುದರಿಂದ ಅಲ್ಲಿ ನಡುಹಗಲಿನ ಸೂರ್ಯನು ದಿಗಂತದಿಂದ ಸುಮಾರು 80 ಡಿಗ್ರಿ ಮೇಲಿರುತ್ತಾನೆ. 15 ಮೀಟರು ಮರದ ತುದಿಯ ನೆರಳು ಆಗ ಬೊಡ್ಡೆಯಿಂದ ಬರಿಯ 2.7 ಮೀಟರು ದೂರದಲ್ಲಿ ಬೀಳುತ್ತದೆ. ಬೆಂಗಳೂರು ಆ ವೃತ್ತಕ್ಕಿಂತ ಹತ್ತು ಡಿಗ್ರಿಗಳಷ್ಟು ದಕ್ಷಿಣಕ್ಕಿದೆ. ಆದುದರಿಂದ ಅಲ್ಲಿಯೂ ಅದೇ ದಿನ ಸೂರ್ಯನ ಎತ್ತರ ಸುಮಾರು 80 ಡಿಗ್ರಿಯೇ. ನೆರಳಿನ ಉದ್ದವೂ ಅಷ್ಟೇ. ವ್ಯತ್ಯಾಸವೆಂದರೆ ಅಟ್ಲಾಂಟಾದಲ್ಲಿ ಅದು ಉತ್ತರಕ್ಕೆ ಬೀಳುತ್ತದೆ, ಬೆಂಗಳೂರಿನಲ್ಲಿ ದಕ್ಷಿಣಕ್ಕೆ! ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮ ನಡುಹಗಲಿನ ನೆರಳು ದಕ್ಷಿಣದ ಕಡೆಗೆ ಬೀಳುವುದನ್ನು ಎಷ್ಟು ಜನ ವಿದ್ಯಾರ್ಥಿಗಳು ಗಮನಿಸಿದ್ದಾರೋ ತಿಳಿಯದು.

ಅಟ್ಲಾಂಟಾಕ್ಕೆ ಮರಳೋಣ. ಜೂನಿನಲ್ಲಿ ಸೂರ್ಯನು ಹುಟ್ಟುವುದು ನೇರ ಪೂರ್ವದಲ್ಲಿ ಅಲ್ಲ, ಈಶಾನ್ಯದ ಕಡೆಗೆ ಸರಿದು. ಅವನು ನೇರ ಪೂರ್ವಕ್ಕೆ ಬರುವ ವೇಳೆಗೆ ಗಡಿಯಾರದಲ್ಲಿ 10 ಗಂಟೆ 20 ನಿಮಿಷವಾಗಿರುತ್ತದೆ. ಆಗಲೇ 45 ಡಿಗ್ರಿಗೂ ಹೆಚ್ಚು ಮೇಲೇರಿರುತ್ತಾನೆ. ಸಂಜೆ ಸುಮಾರು 5 ಗಂಟೆಗೆ ನೇರ ಪಶ್ಚಿಮವನ್ನು ದಾಟಿ ಮತ್ತೆ ಉತ್ತರಕ್ಕೆ ಸರಿಯುತ್ತಾನೆ. ಹಾಗಾದರೆ ದಕ್ಷಿಣದ ಅಂಚಿನಲ್ಲಿರುವ ಮರದ ನೆರಳು ಬೆಳಗ್ಗೆ ಪಶ್ಚಿಮಕ್ಕೂ ಸಂಜೆ ಪೂರ್ವಕ್ಕೂ ಚಾಚಿಕೊಳ್ಳುವುದೇ ಹೊರತು, ಉತ್ತರದ ಕಡೆಗೆ ಇಡೀ ದಿನದಲ್ಲಿ 2.7 ಮೀಟರಿಗಿಂತ ಹೆಚ್ಚು ಸರಿಯದು. ಅದಕ್ಕೆ ಕೊಂಬೆಗಳ ಹರವಿನ 5 ಮೀಟರು ಸೇರಿಸಿರಿ. ಬೊಡ್ಡೆಯಿಂದ ಉತ್ತರಕ್ಕೆ 8 ಮೀಟರು ದಾಟಿದ ನೆಲಕ್ಕೆ ಜೂನಿನಲ್ಲಿ ಆ ಮರದ ನೆರಳು ಬೀಳುವುದೇ ಇಲ್ಲ. ಕಡ್ಡಿ ನೆಟ್ಟ ನಕ್ಷೆಯೂ ಇದನ್ನೇ ಹೇಳಿತು. ತಾಯಿಯವರ ಪಾತಿ ಇದ್ದದ್ದು ಬೊಡ್ಡೆಯಿಂದ 4 ಮೀಟರಿನಲ್ಲಿ. ಅದಕ್ಕೆ ಸಿಗುತ್ತಿದ್ದ ಬಿಸಿಲು ಚೂರುಚೂರಾಗಿ ಎರಡು ಗಂಟೆ. ಹಿತ್ತಲಿನ ಉತ್ತರದ ಭಾಗದಲ್ಲಿ, ಬರಿಯ ಹುಲ್ಲು ಬೆಳೆದಿದ್ದ ಜಾಗಕ್ಕೆ, ಏಳು ಗಂಟೆಗೂ ಮೀರಿ!

ಪಾತಿಯನ್ನು ಅಂಥ ಕಡೆ ಏಕೆ ಮಾಡಿದಿರಿ ಎಂದು ಕೇಳಿದಾಗ ಉತ್ತರ ಸಿಕ್ಕಿತು. ಅಣ್ಣನವರು ನೆಲ ಅಗೆದದ್ದು ಮಾರ್ಚಿನಲ್ಲಿ. ಓಕ್ ಮರ ಆಗ ಬೋಳು, ಬುಡದವರೆಗೂ ಬಿಸಿಲು. ಏಪ್ರಿಲಿನಲ್ಲಿ ಚಿಗುರಿತು, ಮೇ ತಿಂಗಳಿನಲ್ಲಿ ಪಾತಿಯ ಮೇಲೆ ಚಪ್ಪರ ಕಟ್ಟಿತು. ಮಾರ್ಚಿನ ಬಿಸಿಲನ್ನು ನಂಬಿ ಜೂನಿನ ಬೆಳೆ ಇಟ್ಟದ್ದು ಎಡವಟ್ಟು.

ಎರಡು ಗಂಟೆಯಾದರೂ ಬಿಸಿಲಿತ್ತಲ್ಲ, ಉಳಿದ ಹೊತ್ತಿನಲ್ಲಿ ಬೆಳಕು ಸಾಕಷ್ಟು ಇರಲಿಲ್ಲವೆ, ಮರದ ಕೆಳಗೆ ಕುಳಿತು ಪುಸ್ತಕ ಓದಬಹುದಾಗಿತ್ತಲ್ಲ ಎಂದು ಓದುಗರು ಕೇಳಬಹುದು. ಇಲ್ಲಿ ಕಣ್ಣು ನಮ್ಮನ್ನು ಮೋಸಗೊಳಿಸುತ್ತದೆ. ತೆರೆದ ಬಯಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಮೊಬೈಲ್ ಫೋನಿನಲ್ಲಿರುವ ಬೆಳಕಿನ ಮಾಪಕವನ್ನು ನಾವು ಪಾತಿಯ ಮೇಲೆ ಹಿಡಿದಾಗ ಅದು ತೋರಿಸಿದ್ದು ನಾಲ್ಕೈದು ಸಾವಿರ. ಅಂದರೆ ಇಪ್ಪತ್ತರಲ್ಲಿ ಒಂದು ಪಾಲು! ಫೋನಿನ ಮಾಪಕ ಕರಾರುವಾಕ್ಕಾದ ಉಪಕರಣವಲ್ಲ, ಆದರೆ ಇಷ್ಟು ದೊಡ್ಡ ವ್ಯತ್ಯಾಸದಲ್ಲಿ ಅದರ ತಪ್ಪು ಲೆಕ್ಕಕ್ಕೆ ಬಾರದು. ಕಣ್ಣಿನ ಪಾಪೆ ಹಿಗ್ಗುತ್ತದೆ, ಅಕ್ಷಿಪಟಲ ಮಂದ ಬೆಳಕಿಗೆ ಒಗ್ಗಿಕೊಳ್ಳುತ್ತದೆ. ಇಪ್ಪತ್ತು ಪಾಲು ಇಳಿದದ್ದು ನಮಗೆ 'ಸ್ವಲ್ಪ ತಂಪು' ಎಂದು ತೋರುತ್ತದೆ. ಎಲೆಗೆ ಹಾಗೆ ಹಿಗ್ಗುವ ಪಾಪೆಯಿಲ್ಲ. ಬಿದ್ದ ಬೆಳಕಿನ ಲೆಕ್ಕದಲ್ಲಿಯೇ ಅದು ಸಕ್ಕರೆಯನ್ನು ತಯಾರಿಸಬೇಕು. ಬೆಳಕು ಇದ್ದರೂ ಇಲ್ಲದಿದ್ದರೂ ಗಿಡ ಉಸಿರಾಡುತ್ತಿರಬೇಕು. ಉಸಿರಾಟಕ್ಕೆ ಅದೇ ಸಕ್ಕರೆ ಖರ್ಚು. ಬಿಸಿಲಿನ ಗಿಡದ ಎಲೆಗೆ ಪೂರ್ಣ ಬಿಸಿಲಿನ ನೂರರಲ್ಲಿ ಒಂದೆರಡು ಪಾಲು ಬೆಳಕು ಸಿಕ್ಕರೆ ಆಯಕ್ಕೂ ವ್ಯಯಕ್ಕೂ ಸರಿಹೋಗುವುದು. ಐದು ಪಾಲಿನಲ್ಲಿ ಜೀವ ಹಿಡಿದುಕೊಂಡು ನಾಲ್ಕು ಎಲೆ ಬಿಡಬಹುದು. ಕಾಯಿ ಎಂಬುದು ಉಳಿತಾಯದಿಂದ ಆಗಬೇಕಾದ ವಸ್ತು.

ಚೂರುಚೂರು ಬಿಸಿಲಿನ ವಿಷಯ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇನ್ನೂ ಸ್ವಾರಸ್ಯವಾದದ್ದು. ಮರದ ಕೆಳಗೆ ಬೀಳುವ ಬಿಸಿಲಿನ ಬಿಲ್ಲೆಗಳು ದುಂಡಗಿರುವುದನ್ನು ಎಲ್ಲರೂ ಕಂಡಿದ್ದೇವೆ. ಎಲೆಗಳ ನಡುವಣ ಸಂದುಗಳು ದುಂಡಗಿಲ್ಲ, ಸೂರ್ಯನು ದುಂಡಗಿದ್ದಾನೆ. ಪ್ರತಿ ಸಂದೂ ಒಂದು ಸೂಜಿರಂಧ್ರ ಕ್ಯಾಮರಾ. ಪ್ರತಿ ಬಿಲ್ಲೆಯೂ ಸೂರ್ಯನ ಬಿಂಬ. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಕಣ ಗ್ರಹಣವಾದಾಗ ಈ ಬಿಲ್ಲೆಗಳು ಮೊದಲು ಕುಡುಗೋಲಿನಂತಾಗಿ ಆಮೇಲೆ ಬಳೆಗಳಾದುದು ಇದೇ ಕಾರಣದಿಂದ. ಸೂರ್ಯನ ವ್ಯಾಸವು ಅವನ ದೂರದ ಸುಮಾರು 108ರಲ್ಲಿ ಒಂದು ಪಾಲು. ಆದುದರಿಂದ 10 ಮೀಟರು ಎತ್ತರದ ಸಂದಿನಿಂದ ಬಿದ್ದ ಬಿಲ್ಲೆಯ ಅಗಲ 9 ಸೆಂಟಿಮೀಟರು. ಅಳತೆಪಟ್ಟಿಯಿಂದ ಬಿಲ್ಲೆಯನ್ನು ಅಳೆದು 108ರಿಂದ ಗುಣಿಸಿದರೆ, ಬೆಳಕು ಎಷ್ಟು ದೂರದ ಸಂದಿನಿಂದ ಬಂದಿತೆಂದು ಮರ ಹತ್ತದೆಯೇ ತಿಳಿಯಬಹುದು. ಬಿಲ್ಲೆ ಓರೆಯಾಗಿ ಬಿದ್ದು ಮೊಟ್ಟೆಯಾಕಾರವಾಗಿದ್ದರೆ ಅದರ ಕಿರಿಯ ಅಗಲವನ್ನು ತೆಗೆದುಕೊಳ್ಳಬೇಕು.

ಇದೇ 108 ನೆರಳಿಗೂ ಅನ್ವಯಿಸುತ್ತದೆ. ಒಂದು ವಸ್ತುವಿನ ದಟ್ಟ ನೆರಳು ಅದರ ಅಗಲದ 108ರಷ್ಟು ದೂರದವರೆಗೆ ಮಾತ್ರ ಚಾಚಬಲ್ಲುದು. ಆಚೆಗೆ ಇರುವುದು ಅರೆನೆರಳು. ಒಂದೂವರೆ ಸೆಂಟಿಮೀಟರು ಅಗಲದ ಓಕ್ ಎಲೆಯ ದಟ್ಟ ನೆರಳು 1.6 ಮೀಟರಿಗೆ ಮುಗಿದುಹೋಗುತ್ತದೆ. ಹತ್ತು ಮೀಟರು ಮೇಲಿರುವ ಒಂಟಿ ಎಲೆ ನೆಲದ ಮೇಲೆ ತನ್ನ ರೂಪವನ್ನು ಮೂಡಿಸಲಾರದು. ಬಿಸಿಲನ್ನು ಸ್ವಲ್ಪ ಮಂಕು ಮಾಡೀತು, ಅಷ್ಟೇ. ಪಾತಿಯನ್ನು ನಿಜವಾಗಿ ಕತ್ತಲು ಮಾಡುತ್ತಿದ್ದದ್ದು ಮರದ ಮೇಲ್ಭಾಗವಲ್ಲ, ನೆಲದಿಂದ ಮೂರು ಮೀಟರಿನಲ್ಲಿ ಅಡ್ಡ ಚಾಚಿದ್ದ ಎರಡು ಕೊಂಬೆಗಳು. ಅವು ಓರೆಯಾಗಿ ಬರುವ ಬಿಸಿಲನ್ನೂ, ಬದಿಯ ಆಕಾಶದ ಬೆಳಕನ್ನೂ ತಡೆಯುತ್ತಿದ್ದುವು. ಬಿಲ್ಲೆಯೊಂದು ಎಲೆಯ ಮೇಲೆ ಬಿದ್ದ ಕೂಡಲೇ ಎಲೆ ಪೂರ್ಣ ವೇಗದಲ್ಲಿ ಕೆಲಸಕ್ಕೆ ತೊಡಗುವುದೂ ಇಲ್ಲ. ಅದು ಸಜ್ಜಾಗಲು ಹಲವು ನಿಮಿಷಗಳು ಬೇಕು. ಅಷ್ಟರಲ್ಲಿ ಬಿಲ್ಲೆ ಸರಿದುಹೋಗಿರುತ್ತದೆ. ಹಾಗಾಗಿ ಚೂರುಚೂರಿನ ಎರಡು ಗಂಟೆ, ಒಟ್ಟಿಗೆ ಬಿದ್ದ ಎರಡು ಗಂಟೆಗೆ ಸಮನಲ್ಲ.

ಬೆಂಡೆಗಿಡ ಕೋಲಿನಂತಾದುದೇಕೆ? ಎಲೆಯ ನೆರಳಿಗೂ ಗೋಡೆಯ ನೆರಳಿಗೂ ಬಣ್ಣದಲ್ಲಿ ಭೇದವಿದೆ. ಪತ್ರಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ಆದರೆ ಕೆಂಪಿನ ಕೊನೆಯಂಚಿನಲ್ಲಿರುವ, ನಮ್ಮ ಕಣ್ಣಿಗೆ ಕಂಡೂ ಕಾಣದಂತಿರುವ ಬೆಳಕನ್ನು ಬಹುಮಟ್ಟಿಗೆ ಕೆಳಕ್ಕೆ ಬಿಟ್ಟುಬಿಡುತ್ತದೆ. ಇದನ್ನು 'ದೂರಗೆಂಪು' ಎನ್ನೋಣ. ತೆರೆದ ಬಿಸಿಲಿನಲ್ಲಿ ಕೆಂಪೂ ದೂರಗೆಂಪೂ ಹೆಚ್ಚುಕಡಮೆ ಸಮಸಮ. ದಟ್ಟ ಎಲೆಗಳ ಕೆಳಗೆ ಕೆಂಪು ಐದರಲ್ಲಿ ಒಂದು ಪಾಲಿಗೂ ಇಳಿಯಬಹುದು. ಗಿಡ ಇದನ್ನು ಗುರುತಿಸುತ್ತದೆ. ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಸಂಶೋಧನ ಕೇಂದ್ರದಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು 1952ರಲ್ಲಿ ಲೆಟ್ಯೂಸ್ ಬೀಜಗಳ ಮೇಲೆ ಒಂದು ಸೊಗಸಾದ ಪ್ರಯೋಗ ಮಾಡಿದರು. ಕೆಂಪು ಬೆಳಕು ತೋರಿಸಿದರೆ ಬೀಜ ಮೊಳೆಯುವುದು. ಕೂಡಲೇ ದೂರಗೆಂಪನ್ನು ತೋರಿಸಿದರೆ ಮೊಳೆಯದು. ಮತ್ತೆ ಕೆಂಪು ತೋರಿಸಿದರೆ ಮೊಳೆಯುವುದು. ಎಷ್ಟು ಬಾರಿ ಬದಲಿಸಿದರೂ ಕೊನೆಯಲ್ಲಿ ತೋರಿಸಿದ ಬೆಳಕಿನ ಮಾತೇ ನಡೆಯುವುದು. ಸುಮಾರು 660 ಮತ್ತು 730 ನ್ಯಾನೋಮೀಟರುಗಳ ನಡುವೆ ತಿರುಗುವ ಈ ಕೀಲಿಯನ್ನು ಇಂದು ಫೈಟೋಕ್ರೋಮ್ ಎಂದು ಕರೆಯುತ್ತಾರೆ. ನೆತ್ತಿಯ ಮೇಲೆ ಮತ್ತೊಂದು ಗಿಡವಿದೆ ಎಂದು ಫೈಟೋಕ್ರೋಮ್ ತಿಳಿಸಿದಾಗ ಬಿಸಿಲನ್ನು ಬಯಸುವ ಗಿಡ ಕಾಂಡವನ್ನು ಉದ್ದ ಮಾಡಿ ಮೇಲೇರಲು ನೋಡುತ್ತದೆ. ಅಕ್ಕಪಕ್ಕದ ಕಳೆಯನ್ನು ಮೀರಿಸಲು ಒಳ್ಳೆಯ ಉಪಾಯ. 15 ಮೀಟರಿನ ಓಕನ್ನು ಮೀರಿಸಹೊರಟ ಬೆಂಡೆಯ ಪಾಡು ನಗು ಬರಿಸುವಂಥದು.

ಇಷ್ಟೆಲ್ಲ ಹೇಳಿದ ಮೇಲೆ ನೆರಳಿನ ಪರವಾಗಿಯೂ ಒಂದು ಮಾತು ಹೇಳಬೇಕು. ಜಾರ್ಜಿಯಾದ ಬೇಸಗೆಯಲ್ಲಿ ಟೊಮೇಟೊವಿಗೆ ಬೆಳಕು ಬೇಕು, ಕಾವು ಬೇಡ. ಹಗಲು 32 ಡಿಗ್ರಿ ದಾಟಿ ರಾತ್ರಿಯೂ 24ರ ಕೆಳಗೆ ಇಳಿಯದಿದ್ದರೆ ಪರಾಗ ಕೆಟ್ಟು ಹೂ ಉದುರುತ್ತದೆ. ಬೆಳಗ್ಗೆಯ ಸೂರ್ಯನೂ ಸಂಜೆಯ ಸೂರ್ಯನೂ ಒಂದೇ ಎತ್ತರದಲ್ಲಿದ್ದಾಗ ಕೊಡುವ ಬೆಳಕು ಸಮ. ಆದರೆ ಗಾಳಿ ಮತ್ತು ನೆಲಗಳು ಕಾಯಲು ಹೊತ್ತು ಬೇಕಾದುದರಿಂದ ಅತಿ ಹೆಚ್ಚಿನ ಶಾಖ ನಡುಹಗಲು ಕಳೆದು ಎರಡು ಮೂರು ಗಂಟೆಗಳ ಮೇಲೆ ಬರುತ್ತದೆ. ಆದ್ದರಿಂದ ಬೆಳಗ್ಗೆಯ ಆರು ಗಂಟೆ ಬಿಸಿಲು ಲಾಭ. ಸಂಜೆಯದು ಅಷ್ಟೇ ಬೆಳಕು, ಜೊತೆಗೆ ಬಳಲಿಕೆ. ಈ ಮನೆ ಹಿತ್ತಲಿನ ಪಶ್ಚಿಮಕ್ಕಿದೆ. 7 ಮೀಟರು ಎತ್ತರದ ಗೋಡೆ, ಸಂಜೆ 5 ಗಂಟೆ 40 ನಿಮಿಷದ ಹೊತ್ತಿಗೆ 9 ಮೀಟರು ನೆರಳು ಕೊಡುತ್ತದೆ. ಅದು ವರವೇ.

ಅಣ್ಣನವರು ಮರ ಕಡಿಯುವವರಿಗೆ ಫೋನ್ ಮಾಡಿ ಬೇಡವೆಂದರು. ಉತ್ತರದ ಹುಲ್ಲನ್ನು ಕಿತ್ತು, ಮಣ್ಣಿಗೆ ಗೊಬ್ಬರ ಸೇರಿಸಿ, ಜೂನ್ ಕೊನೆಯಲ್ಲಿ ಬೆಂಡೆ ಮತ್ತು ಅಲಸಂದೆಗಳನ್ನು ಬಿತ್ತಿದೆವು. ಅಷ್ಟು ದೂರದಲ್ಲಿಯೂ ಗುದ್ದಲಿಗೆ ಓಕಿನ ಬೇರು ತಗುಲಿತು. ಮರದ ಬೇರು ಕೊಂಬೆಗಳ ಹರವನ್ನು ಬಹಳ ದೂರ ದಾಟಿ ಹೋಗುವುದು, ಅದೂ ಮೇಲ್ಮಣ್ಣಿನಲ್ಲೇ. ಆ ಪಾತಿಗೆ ನೀರು ಹೆಚ್ಚು ಬೇಕಾಯಿತು. ಹಳೆಯ ಪಾತಿಯಲ್ಲಿ ಬಸಳೆಯ ಕಡ್ಡಿಗಳನ್ನು ನೆಟ್ಟೆವು. ಕಾವನ್ನು ಸಹಿಸಿ ಅರೆನೆರಳಿಗೂ ಒಗ್ಗುವ ಸೊಪ್ಪು ಅದು. ಸೊಪ್ಪಿನ ಗಿಡಕ್ಕೆ ಮೂರು ನಾಲ್ಕು ಗಂಟೆ ಬಿಸಿಲು ಸಾಕು, ಗೆಡ್ಡೆಗೆ ನಾಲ್ಕೈದು, ಕಾಯಿಗೆ ಆರರಿಂದ ಎಂಟು ಎಂದು ಹಿತ್ತಲಿನವರ ಲೆಕ್ಕ. ಒರಟು ಲೆಕ್ಕವಾದರೂ ನಂಬತಕ್ಕದ್ದು.

ಆಗಸ್ಟ್ ನಡುವಿನಿಂದ ಬೆಂಡೆ ಸಿಕ್ಕಿತು. ಹುಳಿಗೂ ಪಲ್ಯಕ್ಕೂ ಆಗುವಷ್ಟು. ತಾಯಿಯವರು ಸೆಪ್ಟೆಂಬರಿನಲ್ಲಿ ಊರಿಗೆ ಮರಳುವವರೆಗೆ ಅದನ್ನು ಪೇಟೆಯಿಂದ ತರಲಿಲ್ಲವಂತೆ. ಜುಲೈಯಲ್ಲಿ ಎರಡನೆಯ ಬೆಳೆಯಾಗಿ ನೆಟ್ಟ ಟೊಮೇಟೊ ನಮ್ಮ ಲೆಕ್ಕವನ್ನು ಸ್ವಲ್ಪ ಸುಳ್ಳು ಮಾಡಿತು. ಜೂನಿನ ನಕ್ಷೆಯನ್ನು ನಂಬಿ ಅಕ್ಟೋಬರನ್ನು ಮರೆತಿದ್ದೆವು. ವಿಷುವದ ದಿನ ಮರದ ತುದಿಯ ನೆರಳು ಉತ್ತರಕ್ಕೆ 10 ಮೀಟರಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನೇರ ಗೆರೆಯಲ್ಲಿ ಸಾಗುತ್ತದೆ. ಅಕ್ಟೋಬರ್ 20ರ ಹೊತ್ತಿಗೆ ನಡುಹಗಲಿನ ನೆರಳು 14 ಮೀಟರು ದಾಟುತ್ತದೆ, ಎಲೆ ಇನ್ನೂ ಉದುರಿರುವುದಿಲ್ಲ. ಕಾಯಿಗಳೇನೋ ಕಚ್ಚಿದುವು, ಅರ್ಧದಷ್ಟು ಹಸಿರಾಗಿಯೇ ಮಂಜಿಗೆ ಸಿಕ್ಕಿದುವು. ಅಣ್ಣನವರು ಮಾರ್ಚಿನಲ್ಲಿ ಮಾಡಿದ ತಪ್ಪನ್ನು ನಾವು ಜೂನಿನಲ್ಲಿ ಮಾಡಿದೆವು ಎಂದು ಅತ್ತಿಗೆಯವರು ಫೋನಿನಲ್ಲಿ ನಕ್ಕರು.

ಡಿಸೆಂಬರಿನಲ್ಲಿ ಅಲ್ಲಿ ನಡುಹಗಲಿನ ಸೂರ್ಯನ ಎತ್ತರ 33 ಡಿಗ್ರಿ. ಮರದ ನೆರಳು 23 ಮೀಟರು, ಹಿತ್ತಲನ್ನೆಲ್ಲ ದಾಟುತ್ತದೆ. ಆದರೆ ಅಷ್ಟರಲ್ಲಿ ಮರ ಬೋಳಾಗಿರುತ್ತದೆ. ಬರಿಗೊಂಬೆಗಳು ಸ್ವಲ್ಪ ಬೆಳಕನ್ನು ತಡೆದರೂ ಹೆಚ್ಚಿನದು ಕೆಳಗಿಳಿಯುತ್ತದೆ. ಮಂಜನ್ನು ತಾಳುವ ಕಾಲರ್ಡ್ ಎಂಬ ಸೊಪ್ಪು ಆ ಸೀಮೆಯ ಚಳಿಗಾಲದ ಬೆಳೆ. ಕೋಸಿನ ಜಾತಿಯದೇ, ಗಡ್ಡೆ ಕಟ್ಟದೆ ಅಗಲ ಎಲೆ ಬಿಡುವಂಥದು. ಚಳಿ ಬಿದ್ದಮೇಲೆ ಎಲೆಯಲ್ಲಿ ಸಕ್ಕರೆ ಹೆಚ್ಚಿ ರುಚಿ ಬರುತ್ತದೆ. ತಾಯಿಯವರ ಬೆಂಡೆ ಸೊರಗಿದ್ದ ಆ ಹಳೆಯ ಪಾತಿಯಲ್ಲೇ ಅದು ಹುಲುಸಾಗಿ ಬಂದು, ಅತ್ತಿಗೆಯವರು ಅದರಿಂದ ಬಸ್ಸಾರು ಮಾಡಿದರು. 2024ರ ಫೆಬ್ರವರಿಯಲ್ಲಿ, ಮರ ಚಿಗುರುವ ಮೊದಲು, ಕೆಳಗಿನ ಎರಡು ಕೊಂಬೆಗಳನ್ನು ಮಾತ್ರ ತೆಗೆಸಿದರು.

ಈಗ ಅಣ್ಣನವರು ದಕ್ಷಿಣದ ಬೇಲಿಯ ಆಚೆ, ನೆರೆಯವರ ಹಿತ್ತಲಿನಲ್ಲಿ ಬೆಳೆಯುತ್ತಿರುವ ಪೈನ್ ಮರವನ್ನು ಅಳೆಯುತ್ತಿದ್ದಾರೆ. ಅದು ಚಳಿಗಾಲದಲ್ಲಿಯೂ ಎಲೆ ಉದುರಿಸುವುದಿಲ್ಲ. ಅದು 20 ಮೀಟರು ಮುಟ್ಟಿದ ವರ್ಷ ಕಾಲರ್ಡ್ ಪಾತಿಯ ಮೇಲೆ ಯಾವ ದಿನದಿಂದ ಯಾವ ದಿನದವರೆಗೆ ನೆರಳು ಬೀಳುವುದೆಂದು ಲೆಕ್ಕ ಮಾಡಿ ಕಳುಹಿಸಲು ಬರೆದಿದ್ದಾರೆ.